ಪ್ಯಾಕ್-12: ನಾಲ್ವರು ಕಟ್ಟಿದ ಮನೆಯಲ್ಲಿ ಕೊನೆಗೆ ಉಳಿದವರು ಯಾರು?

ಗೋಧಿಹೊಲ_ಪುಲ್‌ಮನ್

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿರುವ ನಮ್ಮಣ್ಣ ಮೊನ್ನೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ. "ನೀನು ಓದಿದ ಕಾಲೇಜು ಪ್ಯಾಕ್-12ರಲ್ಲಿ ಇದೆ ಅಂತೀಯ. ಹೆಸರಲ್ಲಿ ಹನ್ನೆರಡು ಇದೆ. ಆದರೆ ಎರಡು ವರ್ಷ ಅದರಲ್ಲಿ ಇದ್ದಿದ್ದೇ ಎರಡು ಕಾಲೇಜಂತೆ. ಇದೇನು ಲೆಕ್ಕ?" ಫೋನಿನಲ್ಲಿ ಹೇಳಿ ಮುಗಿಸುವ ಕಥೆ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಓದಿದ ಕನ್ನಡಿಗರು ಸುಮಾರು ಜನ ಇದ್ದೀರಿ. ನಿಮ್ಮ ಕಡೆಯ ಮಾತನ್ನೂ ಸೇರಿಸಿ.

ಮೊದಲು ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ಕಾಲೇಜು ತಂಡಗಳು ಸುಮ್ನೆ ಯಾರ ಜೊತೆಗೆ ಬೇಕಾದರೂ ಆಡಿಕೊಂಡು ಇರುವುದಿಲ್ಲ. ಹತ್ತು ಹನ್ನೆರಡು ಕಾಲೇಜುಗಳು ಸೇರಿ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಅದಕ್ಕೆ ಕಾನ್ಫರೆನ್ಸ್ ಅಂತಾರೆ. ಪ್ಯಾಕ್-12 ಅಂಥದ್ದೊಂದು ಕೂಟ. ಯಾವ ವಾರ ಯಾರ ಊರಲ್ಲಿ ಆಟ, ತೀರ್ಪುಗಾರರು ಯಾರು, ಇದೆಲ್ಲ ಅಲ್ಲೇ ತೀರ್ಮಾನ. ಟಿವಿಗೆ ಪ್ರಸಾರದ ಹಕ್ಕು ಮಾರುವುದೂ ಕೂಟವೇ. ಬಂದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುತ್ತಾರೆ. ದೇಶಕ್ಕೆಲ್ಲ ದೊಡ್ಡ ಸಂಸ್ಥೆ ಎನ್‌ಸಿಎಎ ಮೇಲಿದೆ. ಆದರೆ ಒಂದು ಕಾಲೇಜಿಗೆ ದಿನನಿತ್ಯದ ಮನೆ ಅಂದರೆ ಅದರ ಕಾನ್ಫರೆನ್ಸೇ.

ನಮ್ಮ ಕೂಟ ಹುಟ್ಟಿದ್ದು 1915ರ ಡಿಸೆಂಬರ್ 2ರಂದು, ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಒಂದು ಹೋಟೆಲಿನಲ್ಲಿ. ಆಗಿನ ಹೆಸರು ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್. ಕಟ್ಟಿದವರು ನಾಲ್ವರು: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿ.ವಿ., ವಾಷಿಂಗ್ಟನ್ ವಿ.ವಿ., ಒರೆಗಾನ್ ವಿ.ವಿ., ಮತ್ತೆ ಆಗ ಕೃಷಿ ಕಾಲೇಜಾಗಿದ್ದ, ಕೊರ್ವಾಲಿಸ್ ಊರಿನ ಈಗಿನ ಒರೆಗಾನ್ ಸ್ಟೇಟ್. ಪುಲ್‌ಮನ್ ಊರಿನ ನಮ್ಮ ವಾಷಿಂಗ್ಟನ್ ಸ್ಟೇಟ್ ವಿ.ವಿ. 1917ರಲ್ಲಿ ಬಂತು. ಮರುವರ್ಷ ಸ್ಟ್ಯಾನ್‌ಫರ್ಡ್. 1922ರಲ್ಲಿ ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಐಡಾಹೊ, 1924ರಲ್ಲಿ ಮೊಂಟಾನಾ, 1928ರಲ್ಲಿ ಲಾಸ್ ಏಂಜಲಿಸ್‌ನದೇ ಯುಸಿಎಲ್‌ಎ. ಆಗ ಪ್ರಯಾಣ ಎಲ್ಲ ರೈಲಿನಲ್ಲಿ. ರೈಲು ಹೋಗುವಷ್ಟು ದೂರವೇ ಕೂಟದ ಎಲ್ಲೆ.

ಕೂಟ ಕಟ್ಟಿದ ಆ ನಾಲ್ವರಲ್ಲಿ ಮೂವರು 2024ರಲ್ಲಿ ಮನೆ ಬಿಟ್ಟರು. ಒರೆಗಾನ್ ಸ್ಟೇಟ್‌ನವರು ಮಾತ್ರ ಉಳಿದರು. ಅವರ ಜೊತೆ ಉಳಿದಿದ್ದು ನಾವು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಶಿವಮೊಗ್ಗ_ರೈಡರ್

ಚೆನ್ನಾಗಿ ಬಿಡಿಸಿ ಹೇಳಿದಿರಿ ಸರ್. ನಾನು ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ನಮ್ಮಲ್ಲಿ ಅಂತರ ವಿ.ವಿ. ಟೂರ್ನಿ ಅಂದರೆ ಎಐಯು (ಭಾರತೀಯ ವಿ.ವಿ.ಗಳ ಒಕ್ಕೂಟ) ಮಾಡುವ ವಲಯಗಳು. ದಕ್ಷಿಣ ವಲಯದಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟ. ನೀವು ಇರುವ ಜಾಗವೇ ನಿಮ್ಮ ವಲಯ. ಕರ್ನಾಟಕದ ವಿ.ವಿ. ಒಂದು "ನಾಳೆಯಿಂದ ನಾನು ಉತ್ತರ ವಲಯ" ಅನ್ನೋಕೆ ಆಗಲ್ಲ. ಅಲ್ಲಿ ಹಾಗೆ ಅನ್ನಬಹುದಾ?

ಗೋಧಿಹೊಲ_ಪುಲ್‌ಮನ್

ಅನ್ನಬಹುದು, ಅದೇ ವ್ಯತ್ಯಾಸ. ವಲಯವನ್ನು ಮೇಲಿನವರು ಗೆರೆ ಎಳೆದು ಕೊಡುತ್ತಾರೆ. ಕಾನ್ಫರೆನ್ಸ್ ತಾವೇ ಕೂಡಿ ಕಟ್ಟಿದ್ದು, ಹಾಗಾಗಿ ಬಿಡುವುದೂ ಅವರ ಕೈಯಲ್ಲೇ ಇದೆ. ಆದರೂ ನಮ್ಮದು ತುಂಬ ಕಾಲ ವಲಯದ ಹಾಗೇ ಇತ್ತು. 1978ರಲ್ಲಿ ಅರಿಝೋನಾ ಮತ್ತು ಅರಿಝೋನಾ ಸ್ಟೇಟ್ ಸೇರಿ ಪ್ಯಾಕ್-10 ಆದಾಗ ಎಷ್ಟು ಚೆಂದದ ಲೆಕ್ಕ ಕೂಡಿ ಬಂತು ಗೊತ್ತಾ? ಹತ್ತು ಕಾಲೇಜು, ಐದು ಜೋಡಿ. ವಾಷಿಂಗ್ಟನ್ ರಾಜ್ಯದ ಎರಡು, ಒರೆಗಾನ್‌ನ ಎರಡು, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಎರಡು, ಲಾಸ್ ಏಂಜಲಿಸ್‌ನ ಎರಡು, ಅರಿಝೋನಾದ ಎರಡು. ಪ್ರತಿ ಜೋಡಿಯೂ ಒಬ್ಬರಿಗೊಬ್ಬರು ಬದ್ಧ ಎದುರಾಳಿಗಳು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದರ ಸೊಗಸು ಜಾಸ್ತಿ ಕಾಣುತ್ತಿತ್ತು. ಗುರುವಾರ ಒಂದು ಊರಲ್ಲಿ ಆಟ, ಶನಿವಾರ ಪಕ್ಕದ ಊರಲ್ಲಿ ಇನ್ನೊಂದು. ಒಂದೇ ಪ್ರಯಾಣ, ಎರಡು ಆಟ. ಹುಡುಗರು ಭಾನುವಾರ ಮನೆಗೆ. ಎಲ್ಲರೂ ಎಲ್ಲರ ಜೊತೆ ಎರಡು ಸಲ, ತಮ್ಮ ಊರಲ್ಲಿ ಒಮ್ಮೆ, ಅವರ ಊರಲ್ಲಿ ಒಮ್ಮೆ. 2006ರಿಂದ 2010ರವರೆಗೆ ಅಮೆರಿಕನ್ ಫುಟ್‌ಬಾಲ್‌ನಲ್ಲೂ ಪ್ರತಿ ತಂಡ ಉಳಿದ ಒಂಬತ್ತರ ಜೊತೆಗೂ ಆಡುತ್ತಿತ್ತು. ಚಾಂಪಿಯನ್ ಯಾರು ಅನ್ನುವುದಕ್ಕೆ ತಕರಾರೇ ಇಲ್ಲ. ನಾನು ಪುಲ್‌ಮನ್‌ಗೆ ಹೋಗಿದ್ದು 2009ರಲ್ಲಿ. ಆ ಕಾಲದ ಕೊನೆಯ ಎರಡು ವರ್ಷ ನೋಡಿದ್ದೇನೆ. 2011ರಲ್ಲಿ ಕೊಲರಾಡೊ ಮತ್ತು ಯೂಟಾ ಬಂದು ಹನ್ನೆರಡಾಯಿತು.

ಕೊಲ್ಲಿಯ_ಕಡೆಯವಳು

ನಾನು ಬರ್ಕ್ಲಿಯಲ್ಲಿ ಓದಿದವಳು. ಗೋಧಿಹೊಲ ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ "ಮೂವರು ಮನೆ ಬಿಟ್ಟರು" ಅಂತ ನಮ್ಮನ್ನೂ ಅದೇ ಸಾಲಿಗೆ ಸೇರಿಸಿದ್ದು ಒಪ್ಪಲಾರೆ. ನಾವು ಮತ್ತು ಸ್ಟ್ಯಾನ್‌ಫರ್ಡ್ ಹೊರಟಿದ್ದು ಎಲ್ಲರಿಗಿಂತ ಕೊನೆಗೆ, 2023ರ ಸೆಪ್ಟೆಂಬರ್ 1ರಂದು. ಅಷ್ಟರಲ್ಲಿ ಎಂಟು ಜನ ಹೋಗಿಯಾಗಿತ್ತು. ಹೋದದ್ದಾದರೂ ಎಲ್ಲಿಗೆ? ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ. ಪೆಸಿಫಿಕ್ ಸಾಗರದ ದಡದಲ್ಲಿ ಕೂತವರು ಅಟ್ಲಾಂಟಿಕ್ ಕೂಟದ ಸದಸ್ಯರು! ಅದೂ ಮೊದಲ ಏಳು ವರ್ಷ ಟಿವಿ ದುಡ್ಡಿನಲ್ಲಿ ಶೇ. 30ರಷ್ಟು ಪಾಲಿಗೆ ಒಪ್ಪಿಕೊಂಡು. ಅದು ಆಸೆಗೆ ಹೋದದ್ದಲ್ಲ.

ಯುಸಿಎಲ್‌ಎ ಮತ್ತು ನಾವು ಒಂದೇ ಕ್ಯಾಲಿಫೋರ್ನಿಯಾ ವಿ.ವಿ. ವ್ಯವಸ್ಥೆಯ ಅಕ್ಕ ತಂಗಿಯರು. ಅವರು ಬಿಟ್ಟು ಹೋಗಿದ್ದರಿಂದ ನಮಗಾದ ನಷ್ಟಕ್ಕೆ ಮೂರು ವರ್ಷ, ವರ್ಷಕ್ಕೆ 1 ಕೋಟಿ ಡಾಲರ್ ನಮಗೆ ಕೊಡಬೇಕು ಅಂತ ವಿ.ವಿ. ಆಡಳಿತ ಮಂಡಳಿ ತೀರ್ಮಾನಿಸಿತು. ಜನ ಇದನ್ನು ಜೀವನಾಂಶ ಅಂತಲೇ ಕರೆದರು.

ಇನ್ನೊಂದು ಹಳೆಯ ಸಂಗತಿ. ಸ್ಟ್ಯಾನ್‌ಫರ್ಡ್ ಯಾಕೆ 1915ರ ನಾಲ್ವರಲ್ಲಿ ಇರಲಿಲ್ಲ? 1906ರಲ್ಲಿ ಫುಟ್‌ಬಾಲ್ ತೀರಾ ಅಪಾಯದ ಆಟ ಅಂತ ಇಬ್ಬರೂ ಬಿಟ್ಟು ರಗ್ಬಿ ಆಡತೊಡಗಿದರು. 1915ರಲ್ಲಿ ಬರ್ಕ್ಲಿ ಮತ್ತೆ ಫುಟ್‌ಬಾಲ್‌ಗೆ ಬಂತು, ಸ್ಟ್ಯಾನ್‌ಫರ್ಡ್ ರಗ್ಬಿಯಲ್ಲೇ ಉಳಿಯಿತು. ಇಬ್ಬರಿಗೂ ಮನಸ್ತಾಪವಾಗಿ ಕೆಲವು ವರ್ಷ ಒಬ್ಬರ ಜೊತೆ ಒಬ್ಬರು ಆಡಲೇ ಇಲ್ಲ. ಮುರಿಯುವುದು, ಕೂಡುವುದು ಈ ಕರಾವಳಿಗೆ ಹೊಸದಲ್ಲ.

ಗೋಧಿಹೊಲ_ಪುಲ್‌ಮನ್

ಒಪ್ಪಿದೆ ಮೇಡಂ. ನಿಮ್ಮಿಬ್ಬರನ್ನು ಬೇರೆಯಾಗಿಯೇ ಹೇಳಬೇಕಿತ್ತು, ನನ್ನದೇ ತಪ್ಪು.

ಮುರಿಯುವುದು ಹೊಸದಲ್ಲ ಅಂದಿರಲ್ಲ, ಅದಕ್ಕೇ 1959ರ ಕಥೆ ಹೇಳಲೇಬೇಕು. ಇದನ್ನು ಮರೆತು 2023ನ್ನು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ.

1956ರ ಆರಂಭದಲ್ಲಿ ವಾಷಿಂಗ್ಟನ್ ವಿ.ವಿ. ತನ್ನ ಫುಟ್‌ಬಾಲ್ ಕೋಚ್ ಜಾನ್ ಚೆರ್ಬರ್ಗ್ ಅವರನ್ನು ಕೆಲಸದಿಂದ ತೆಗೆಯಿತು. ಅವರು ಸುಮ್ಮನಿರಲಿಲ್ಲ. ಊರಿನ ಸಿರಿವಂತ ಅಭಿಮಾನಿಗಳು ಗುಟ್ಟಾಗಿ ನಿಧಿ ಕೂಡಿಸಿ ಆಟಗಾರರಿಗೆ ದುಡ್ಡು ಕೊಡುತ್ತಿದ್ದುದನ್ನು ಬಯಲು ಮಾಡಿದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿತು. ಯುಸಿಎಲ್‌ಎ, ಯುಎಸ್‌ಸಿ, ಬರ್ಕ್ಲಿ, ಎಲ್ಲರ ಹೆಸರೂ ಬಂತು. ಕೂಟ ದಂಡ ಹಾಕಿತು, ನಿಷೇಧ ಹಾಕಿತು. ದೊಡ್ಡ ಊರಿನ ಕಾಲೇಜುಗಳಿಗೆ ಸಿಟ್ಟು ಬಂತು. ಚಿಕ್ಕ ಊರಿನವರು ಮತ ಹಾಕಿ ನಮ್ಮನ್ನು ಕಟ್ಟಿಹಾಕುತ್ತಿದ್ದಾರೆ ಅಂದರು. 1959ರಲ್ಲಿ ಕೂಟವನ್ನೇ ವಿಸರ್ಜಿಸಿದರು. (ಚೆರ್ಬರ್ಗ್ ಆಮೇಲೆ ಆ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿ 32 ವರ್ಷ ಇದ್ದರು.)

ಅದೇ ವರ್ಷ ಐದು ಜನ ಸೇರಿ ಹೊಸ ಕೂಟ ಮಾಡಿಕೊಂಡರು: ಬರ್ಕ್ಲಿ, ಸ್ಟ್ಯಾನ್‌ಫರ್ಡ್, ಯುಸಿಎಲ್‌ಎ, ಯುಎಸ್‌ಸಿ, ವಾಷಿಂಗ್ಟನ್. ಹೊರಗೆ ಉಳಿದವರು ಯಾರು? ವಾಷಿಂಗ್ಟನ್ ಸ್ಟೇಟ್, ಒರೆಗಾನ್, ಒರೆಗಾನ್ ಸ್ಟೇಟ್, ಐಡಾಹೊ. ನಮ್ಮನ್ನು 1962ರಲ್ಲಿ ಒಳಗೆ ಕರೆದರು. ಒರೆಗಾನ್‌ನ ಇಬ್ಬರನ್ನು 1964ರಲ್ಲಿ. 1968ರಲ್ಲಿ ಪ್ಯಾಕ್-8 ಅನ್ನುವ ಹೆಸರು ಬಂತು. ಐಡಾಹೊವನ್ನು ಕರೆಯಲೇ ಇಲ್ಲ.

ಅಂದರೆ 2023ರಲ್ಲಿ ನಮಗೆ ಆಗಿದ್ದು ಎರಡನೇ ಸಲ. ಅದೇ ಊರುಗಳು. ಕೊರ್ವಾಲಿಸ್, ಪುಲ್‌ಮನ್. ಆಟದಲ್ಲಿ ಸೋತು ಹೊರಗಾದದ್ದಲ್ಲ. ನಮ್ಮೂರಲ್ಲಿ ಟಿವಿ ನೋಡುವ ಮನೆಗಳು ಕಡಿಮೆ, ಅಷ್ಟೇ.

ಫೀನಿಕ್ಸ್_ಬಿಸಿಲು

ಅರಿಝೋನಾ ಸ್ಟೇಟ್‌ನಲ್ಲಿ ಓದಿದವನು ನಾನು. ಬಿಟ್ಟು ಹೋದವರ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1978ರಲ್ಲಿ ನಾವು ಇಲ್ಲಿಗೆ ಬಂದಾಗಲೂ ವೆಸ್ಟರ್ನ್ ಅಥ್ಲೆಟಿಕ್ ಕಾನ್ಫರೆನ್ಸನ್ನು ಬಿಟ್ಟೇ ಬಂದದ್ದು. ಆಗ ನಮ್ಮನ್ನು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಒಳಗೆ ಬರುವಾಗ ಸರಿ, ಹೊರಗೆ ಹೋಗುವಾಗ ತಪ್ಪು ಅಂದರೆ ಹೇಗೆ?

ಕೂಟ ಒಡೆದಿದ್ದು ಒಂದೇ ದಿನದಲ್ಲೂ ಅಲ್ಲ. 2011ರಲ್ಲಿ ಇಎಸ್‌ಪಿಎನ್, ಫಾಕ್ಸ್ ಟಿವಿ ಸಂಸ್ಥೆಗಳ ಜೊತೆ 12 ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಒಪ್ಪಂದ ಆಯಿತು. ಆಗ ಅದು ದೊಡ್ಡ ಮೊತ್ತ. 2012ರಲ್ಲಿ ಕೂಟ ತನ್ನದೇ ಟಿವಿ ಚಾನೆಲ್‌ಗಳನ್ನು ಶುರು ಮಾಡಿತು. ಬಿಗ್ ಟೆನ್ ಅನ್ನುವ ಇನ್ನೊಂದು ಕೂಟ ಫಾಕ್ಸ್ ಜೊತೆ ಸೇರಿ ಚಾನೆಲ್ ಮಾಡಿತ್ತು, ಎಸ್‌ಇಸಿ ಅನ್ನುವ ಕೂಟ ಇಎಸ್‌ಪಿಎನ್ ಜೊತೆ ಮಾಡಿತು. ನಮ್ಮವರು ಪಾಲುದಾರರೇ ಬೇಡ, ಪೂರ್ತಿ ನಮ್ಮದೇ ಇರಲಿ ಅಂದರು. ಆಸೆ ಒಳ್ಳೆಯದೇ. ಆದರೆ ಡೈರೆಕ್‌ಟಿವಿ ಅನ್ನುವ ದೊಡ್ಡ ಡಿಶ್ ಸೇವೆ ಕೊನೆಯವರೆಗೂ ಆ ಚಾನೆಲ್ ತೋರಿಸಲೇ ಇಲ್ಲ. ಲಕ್ಷಾಂತರ ಮನೆಗಳಿಗೆ ನಮ್ಮ ಆಟ ತಲುಪಲಿಲ್ಲ. ಪಕ್ಕದ ಮನೆಯ ಅಮೆರಿಕನ್ ಅಜ್ಜನಿಗೇ ನಮ್ಮ ತಂಡದ ಆಟ ಸಿಗುತ್ತಿರಲಿಲ್ಲ. ನಾನು ನನ್ನ ಲ್ಯಾಪ್‌ಟಾಪ್ ಒಯ್ದು ತೋರಿಸುತ್ತಿದ್ದೆ.

2021ರಲ್ಲಿ ಟೆಕ್ಸಸ್, ಒಕ್ಲಹೋಮಾ ಎರಡೂ ಬಿಗ್ 12 ಬಿಡುವುದಾಗಿ ಹೇಳಿದವು. ಆ ಕೂಟ ನಡುಗುತ್ತಿತ್ತು. ಅಲ್ಲಿನ ಒಳ್ಳೆಯ ಕಾಲೇಜುಗಳನ್ನು ಸೇರಿಸಿಕೊಳ್ಳಲು ಪ್ಯಾಕ್-12ಕ್ಕೆ ಅದೇ ಸಮಯ. ಆಗಸ್ಟ್‌ನಲ್ಲಿ "ವಿಸ್ತರಣೆ ಬೇಡ" ಅಂತ ಹೇಳಿ ಕೂತರು. ಮರುವರ್ಷ ಜೂನ್ 30ರಂದು ಯುಎಸ್‌ಸಿ, ಯುಸಿಎಲ್‌ಎ ಬಿಗ್ ಟೆನ್‌ಗೆ ಹೊರಟವು. ಲಾಸ್ ಏಂಜಲಿಸ್ ಇಲ್ಲದ ಕೂಟಕ್ಕೆ ಟಿವಿಯವರು ಯಾಕೆ ದುಡ್ಡು ಸುರಿಯುತ್ತಾರೆ? ವರ್ಷ ಕಳೆದರೂ ಹೊಸ ಒಪ್ಪಂದ ಇಲ್ಲ. 2023ರ ಜುಲೈ 27ರಂದು ಕೊಲರಾಡೊ ಹೋಯಿತು. ಕೊನೆಗೆ ಆಪಲ್ ಜೊತೆ ಒಂದು ಪ್ರಸ್ತಾಪ ಬಂತು. ಎಷ್ಟು ಜನ ಚಂದಾ ಕಟ್ಟುತ್ತಾರೋ ಅದರ ಮೇಲೆ ಆದಾಯ ಏರುವ ಲೆಕ್ಕ. ಅದನ್ನು ನಂಬಿ ಕೂರುವ ಧೈರ್ಯ ಯಾರಿಗೂ ಬರಲಿಲ್ಲ. ಆಗಸ್ಟ್ 4ರ ಒಂದೇ ದಿನ ಐವರು: ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ. ನಾವು, ಅರಿಝೋನಾ, ಯೂಟಾ ಬಿಗ್ 12ಕ್ಕೆ.

ಶಿವಮೊಗ್ಗ_ರೈಡರ್

ಒಂದು ಅನುಮಾನ. ಬಿಗ್ ಟೆನ್‌ನಲ್ಲಿ ಹತ್ತು ಕಾಲೇಜು ತಾನೇ?

ಫೀನಿಕ್ಸ್_ಬಿಸಿಲು

ಈಗ 18. ಬಿಗ್ 12ರಲ್ಲಿ 16. ಹೆಸರಿನ ಅಂಕಿ ಹಳೆಯ ಗುರುತು, ಎಣಿಕೆಗೆ ಅಲ್ಲ.

ವಾಲಿಬಾಲ್_ಅಮ್ಮ

ನಾನು ಇಲ್ಲಿ ಓದಿದವಳಲ್ಲ. ನನ್ನ ಮಗಳು ಕಾಲೇಜು ತಂಡದಲ್ಲಿ ವಾಲಿಬಾಲ್ ಆಡುತ್ತಾಳೆ. ಪಶ್ಚಿಮ ಕರಾವಳಿಯ ಒಂದು ಕಾಲೇಜು, ಹೆಸರು ಬೇಡ.

ನೀವೆಲ್ಲ ಫುಟ್‌ಬಾಲ್ ಲೆಕ್ಕ ಹೇಳುತ್ತಿದ್ದೀರಿ. ಫುಟ್‌ಬಾಲ್ ವಾರಕ್ಕೆ ಒಂದೇ ಆಟ. ಅವರಿಗೆ ಪ್ರತ್ಯೇಕ ವಿಮಾನ ಇರುತ್ತದೆ. ಶುಕ್ರವಾರ ಹೋಗಿ ಶನಿವಾರ ರಾತ್ರಿ ಬರುತ್ತಾರೆ. ದುಡ್ಡಿಗಾಗಿ ಕೂಟ ಬದಲಾಯಿಸಿದ್ದು ಫುಟ್‌ಬಾಲ್‌ಗೆ. ಆದರೆ ಅದರ ಹಿಂದೆ ವಾಲಿಬಾಲ್, ಈಜು, ಟೆನಿಸ್, ಸಾಫ್ಟ್‌ಬಾಲ್, ಎಲ್ಲ ಮಕ್ಕಳೂ ದೇಶದ ಆ ತುದಿಗೆ ಹೋಗಬೇಕಾಯಿತು. ಮೊದಲ ವರ್ಷ ನಾವು ಗಂಡ ಹೆಂಡತಿ ಕಾರಿನಲ್ಲಿ ಹೋಗಿ ಹೊರ ಊರಿನ ಆಟಗಳನ್ನೂ ನೋಡುತ್ತಿದ್ದೆವು. ಚಿತ್ರಾನ್ನ, ಕೋಡುಬಳೆ ಕಟ್ಟಿಕೊಂಡು ಹೋಗಿ ತಂಡಕ್ಕೆಲ್ಲ ಕೊಡುತ್ತಿದ್ದೆವು. ಈಗ ಮೂರು ಗಂಟೆ ಸಮಯ ವ್ಯತ್ಯಾಸದ ಊರು. ಐದು ಗಂಟೆ ವಿಮಾನ. ಮಧ್ಯರಾತ್ರಿ ದಾಟಿ ಹಾಸ್ಟೆಲ್‌ಗೆ ಬಂದು ಬೆಳಗ್ಗೆ ಲ್ಯಾಬ್. ಒಂದು ಸಲ ಪರೀಕ್ಷೆಯನ್ನು ವಿಮಾನ ನಿಲ್ದಾಣದ ಕುರ್ಚಿಯ ಮೇಲೆ ಕೂತು ಬರೆದಳು. ನಾನು ಯಾರ ಪರವೂ ಅಲ್ಲ. ಗೋಧಿಹೊಲ ಅವರು ಹೇಳಿದ ಆ ಜೋಡಿ ಲೆಕ್ಕ ಓದಿದಾಗ ಕಣ್ಣು ತುಂಬಿತು.

ಸಿಯಾಟಲ್_ಸೋನೆ

ಅಕ್ಕಾ, ನಿಮ್ಮ ಮಾತು ಓದಿ ನಾನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನಾನು ವಾಷಿಂಗ್ಟನ್ ವಿ.ವಿ. ಕಡೆಯವನು. ಬಿಟ್ಟು ಹೋದವರ ಕಡೆ.

ಕೊನೆಯ ವರ್ಷದ ಫುಟ್‌ಬಾಲ್ ಎಷ್ಟು ಚೆನ್ನಾಗಿತ್ತು ಅಂತ ಇಲ್ಲಿ ಯಾರಾದರೂ ಬರೆಯಲೇಬೇಕು. 2023ರ ಡಿಸೆಂಬರ್ 1ರಂದು ಲಾಸ್ ವೇಗಸ್‌ನಲ್ಲಿ ಚಾಂಪಿಯನ್‌ಷಿಪ್ ಆಟ. ನಾವು 34, ಒರೆಗಾನ್ 31. ಆಡಿದ ಇಬ್ಬರೂ ಹೊರಟು ನಿಂತವರೇ. ಅಲ್ಲಿಂದ ರಾಷ್ಟ್ರೀಯ ಫೈನಲ್‌ವರೆಗೂ ಹೋಗಿ ಮಿಷಿಗನ್ ಎದುರು 34-13ರಲ್ಲಿ ಸೋತೆವು. ಕೂಟ ಸಾಯುತ್ತಿದ್ದಾಗ ಅದರ ಆಟ ಅತ್ಯುತ್ತಮವಾಗಿತ್ತು.

ನನಗೆ ಜಾಸ್ತಿ ಕಾಡುವುದು ರೋಸ್ ಬೌಲ್. 1947ರಿಂದ ಹೊಸ ವರ್ಷಕ್ಕೆ ಪಸಡೀನಾದಲ್ಲಿ ನಮ್ಮ ಕೂಟದ ಚಾಂಪಿಯನ್ ಮತ್ತು ಬಿಗ್ ಟೆನ್ ಚಾಂಪಿಯನ್ ಎದುರಾಗುವುದು ವಾಡಿಕೆಯಾಗಿತ್ತು. ಪಶ್ಚಿಮ ಒಂದು ಕಡೆ, ಮಧ್ಯ ಅಮೆರಿಕದ ಹಿಮದ ನಾಡು ಇನ್ನೊಂದು ಕಡೆ. 2025ರ ಜನವರಿ 1ರಂದು ಅಲ್ಲಿ ಆಡಿದ್ದು ಒಹಾಯೊ ಸ್ಟೇಟ್ ಮತ್ತು ಒರೆಗಾನ್. ಇಬ್ಬರೂ ಬಿಗ್ ಟೆನ್! ಟಿವಿ ಮುಂದೆ ಕೂತು ಅರ್ಧಕ್ಕೆ ಎದ್ದುಬಿಟ್ಟೆ.

ಗೋಧಿಹೊಲ ಸರ್, ನಮ್ಮಿಬ್ಬರ ನಡುವಿನ ಫುಟ್‌ಬಾಲ್ ಆಟ, 2024ರ ಆ್ಯಪಲ್ ಕಪ್‌ನಲ್ಲಿ ನೀವು ನಮ್ಮನ್ನು 24-19ರಲ್ಲಿ ಸೋಲಿಸಿದಿರಿ. ಆವತ್ತು ನನಗೆ ಒಂದು ಚೂರೂ ಬೇಜಾರಾಗಲಿಲ್ಲ. ನಿಜ ಹೇಳುತ್ತಿದ್ದೇನೆ.

ಗೋಧಿಹೊಲ_ಪುಲ್‌ಮನ್

ಥ್ಯಾಂಕ್ಸ್ ಕಣ್ರೀ. ಆ ಆಟಕ್ಕೆ ನಾನು ಸಿಯಾಟಲ್‌ಗೇ ಬಂದಿದ್ದೆ. ಕೊನೆಯಲ್ಲಿ ನಿಮ್ಮವರು ಗೆರೆಯ ಹತ್ತಿರ ಬಂದಾಗ ನನ್ನ ಕೈ ನಡುಗುತ್ತಿತ್ತು.

ಈಗ ಅಣ್ಣನ ಪ್ರಶ್ನೆಗೆ ಬರುತ್ತೇನೆ. ಎರಡೇ ಕಾಲೇಜು ಉಳಿದಾಗ ಹೆಸರು ಹೇಗೆ ಉಳಿಯಿತು? ಕೋರ್ಟಿಗೆ ಹೋಗಿದ್ದರಿಂದ. ಬಿಟ್ಟು ಹೋಗುತ್ತೇನೆ ಅಂತ ತಿಳಿಸಿದ ಸದಸ್ಯರಿಗೆ ಮಂಡಳಿಯಲ್ಲಿ ಮತ ಇಲ್ಲ ಅಂತ ಕೂಟದ ನಿಯಮದಲ್ಲೇ ಇದೆ ಅನ್ನುವುದು ನಮ್ಮಿಬ್ಬರ ವಾದ. ಹೋಗುವ ಹತ್ತು ಜನ ಮತ ಹಾಕಿ ಕೂಟವನ್ನೇ ಮುಚ್ಚಿ ದುಡ್ಡು ಹಂಚಿಕೊಂಡರೆ ನಮಗೇನು ಉಳಿಯುತ್ತದೆ ಅನ್ನುವ ಭಯ ಇತ್ತು. ಪುಲ್‌ಮನ್ ಪಕ್ಕದ ಕೋಲ್‌ಫ್ಯಾಕ್ಸ್ ಅನ್ನುವ ಪುಟ್ಟ ಊರಿನ ನ್ಯಾಯಾಲಯ 2023ರ ನವೆಂಬರ್ 14ರಂದು ನಮ್ಮ ಪರ ಆದೇಶ ಕೊಟ್ಟಿತು. ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಮರುಪರಿಶೀಲಿಸಲು ಒಪ್ಪಲಿಲ್ಲ. ಆಮೇಲೆ ರಾಜಿ ಆಯಿತು. ಕೂಟ, ಹೆಸರು, ಉಳಿದ ಆಸ್ತಿ ನಮ್ಮಿಬ್ಬರ ಕೈಗೆ ಬಂತು.

ಕಾಲೇಜು ಫುಟ್‌ಬಾಲ್‌ನ ಮೇಲಿನ ಹಂತದಲ್ಲಿ ಒಂದು ಕೂಟಕ್ಕೆ ಕನಿಷ್ಠ ಎಂಟು ತಂಡ ಬೇಕು. ಕಡಿಮೆಯಾದರೆ ಎರಡು ವರ್ಷದ ಗಡುವು. 2024ರ ಸೆಪ್ಟೆಂಬರ್ 12ರಂದು ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್ ನಮ್ಮನ್ನು ಸೇರಲು ಒಪ್ಪಿದವು. ಅದೇ ತಿಂಗಳು ಯೂಟಾ ಸ್ಟೇಟ್. ಅಕ್ಟೋಬರ್ 1ರಂದು ಗೊನ್ಝಾಗಾ. ಅವರಿಗೆ ಫುಟ್‌ಬಾಲ್ ತಂಡವೇ ಇಲ್ಲ, ಆದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ 2017, 2021ರಲ್ಲಿ ರಾಷ್ಟ್ರೀಯ ಫೈನಲ್ ಆಡಿದವರು. 2025ರ ಜೂನ್ 30ರಂದು ಟೆಕ್ಸಸ್ ಸ್ಟೇಟ್ ಎಂಟನೇ ಫುಟ್‌ಬಾಲ್ ಸದಸ್ಯ. ಹೊಸ ಕೂಟದ ಲೆಕ್ಕ ಶುರುವಾಗುವುದು 2026ರ ಜುಲೈ 1ರಿಂದ.

ಬೆಟ್ಟದ_ಪಶ್ಚಿಮ

ಕೊಲರಾಡೊದಿಂದ ಬರೆಯುತ್ತಿದ್ದೇನೆ. ಎಲ್ಲ ಸರಿ, ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. ಬಾಯ್ಸಿಯಿಂದ ಯೂಟಾ ಸ್ಟೇಟ್‌ವರೆಗಿನ ಆ ಐದು ಕಾಲೇಜುಗಳು ಎಲ್ಲಿದ್ದವು? ಮೌಂಟನ್ ವೆಸ್ಟ್ ಕೂಟದಲ್ಲಿ. ನೀವಿಬ್ಬರೇ ಉಳಿದಾಗ 2024ರಲ್ಲಿ ನಿಮ್ಮ ಜೊತೆ ಫುಟ್‌ಬಾಲ್ ಆಡಲು ಒಪ್ಪಿ ನಿಮ್ಮ ವರ್ಷವನ್ನು ಉಳಿಸಿದವರು ಅವರೇ. ಅವರ ಐದು ಸದಸ್ಯರನ್ನು ಎಳೆದುಕೊಂಡಿರಿ. ಅದಕ್ಕೆ ಕೊಡಬೇಕಾದ 5.5 ಕೋಟಿ ಡಾಲರ್ ಕೊಡಲ್ಲ ಅಂತ ಕೋರ್ಟಿಗೂ ಹೋದಿರಿ. ಆ ಕೂಟದಲ್ಲೇ ಉಳಿದ ವೈಯೋಮಿಂಗ್, ನ್ಯೂ ಮೆಕ್ಸಿಕೊದವರ ಜಾಗದಲ್ಲಿ ನಿಂತು ನೋಡಿ.

ಗೋಧಿಹೊಲ_ಪುಲ್‌ಮನ್

ನೋಡಿದ್ದೇನೆ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ನಮ್ಮ ತಂಡ ಉಳಿಯಬೇಕು ಅಂತ ನನಗೆ ಆಸೆ ಇತ್ತು. ಬಾಯ್ಸಿ ಸ್ಟೇಟ್ ಬಂದ ದಿನ ಕುಣಿದಾಡಿದೆ. ಎರಡು ದಿನ ಬಿಟ್ಟು ನೀವು ಹೇಳಿದ್ದೇ ಮಾತು ತಲೆಗೆ ಬಂತು. ನಮಗೆ ಆದ ನೋವನ್ನೇ ನಾವು ಇನ್ನೊಬ್ಬರಿಗೆ ದಾಟಿಸಿದ್ದೇವೆ. ಅದನ್ನು ನ್ಯಾಯ ಅಂತ ಕರೆಯಲಾರೆ.

ಶಿವಮೊಗ್ಗ_ರೈಡರ್

ಕೊನೆಯದಾಗಿ ಒಂದು ಸರ್. 1959ರಲ್ಲಿ ಐಡಾಹೊವನ್ನು ಕರೆಯಲೇ ಇಲ್ಲ ಅಂದಿರಿ. ಅವರೇನಾದರು?

ಗೋಧಿಹೊಲ_ಪುಲ್‌ಮನ್

ನೀವು ಕೇಳಿದ್ದು ನನಗೆ ತುಂಬ ಖುಷಿಯಾಯಿತು. ಈ ಕಥೆಯಲ್ಲಿ ಅವರನ್ನು ಯಾರೂ ಕೇಳುವುದಿಲ್ಲ.

ಐಡಾಹೊ ವಿ.ವಿ. ಇರುವುದು ಮಾಸ್ಕೊ ಅನ್ನುವ ಊರಿನಲ್ಲಿ. ಪುಲ್‌ಮನ್‌ನಿಂದ ಎಂಟೇ ಮೈಲಿ. ನಡುವೆ ರಾಜ್ಯದ ಗಡಿ, ಎರಡೂ ಕಡೆ ಗೋಧಿ ಗುಡ್ಡಗಳು. 37 ವರ್ಷ ಇಬ್ಬರೂ ಒಂದೇ ಕೂಟದಲ್ಲಿದ್ದರು. ಕೂಟ ಮುರಿದ ಮೇಲೆ ನಾವು ಮೂರು ವರ್ಷದಲ್ಲಿ ವಾಪಸ್ ಒಳಗೆ. ಅವರು ಕೆಲವು ವರ್ಷ ಒಂಟಿಯಾಗಿ ಆಡಿ, 1963ರಲ್ಲಿ ಬಿಗ್ ಸ್ಕೈ ಅನ್ನುವ ಚಿಕ್ಕ ಕೂಟ ಕಟ್ಟಿದವರಲ್ಲಿ ಒಬ್ಬರಾದರು. ಮೊಂಟಾನಾ, ಗೊನ್ಝಾಗಾ ಕೂಡ ಅದನ್ನು ಕಟ್ಟಿದವರೇ. ಅದೇ ರಾಜ್ಯದ ಬಾಯ್ಸಿ ಆಗಿನ್ನೂ ಎರಡು ವರ್ಷದ ಜೂನಿಯರ್ ಕಾಲೇಜು. ಇವತ್ತು ಬಾಯ್ಸಿ ಪ್ಯಾಕ್-12ರಲ್ಲಿ, ಗೊನ್ಝಾಗಾ ಪ್ಯಾಕ್-12ರಲ್ಲಿ. 1922ರಲ್ಲೇ ಸದಸ್ಯರಾಗಿದ್ದ ಐಡಾಹೊ ಬಿಗ್ ಸ್ಕೈನಲ್ಲಿದೆ.

ಹಿಂದೆ ಇಬ್ಬರ ನಡುವೆ ಒಂದು ರೂಢಿ ಇತ್ತು, 1938ರಿಂದ. ಫುಟ್‌ಬಾಲ್‌ನಲ್ಲಿ ಸೋತ ಕಾಲೇಜಿನ ವಿದ್ಯಾರ್ಥಿಗಳು ಗೆದ್ದವರ ಊರಿಗೆ ನಡೆದುಕೊಂಡು ಹೋಗಬೇಕು. ತುಂಬ ವರ್ಷ ನಡೆದವರು ಐಡಾಹೊದವರೇ. 1954ರಲ್ಲಿ, 29 ವರ್ಷಗಳ ಮೇಲೆ ಮೊದಲ ಸಲ ಅವರು ಗೆದ್ದರು, 10-0. ಆವತ್ತು ನಮ್ಮವರು ಹಿಂಡು ಹಿಂಡಾಗಿ ಮಾಸ್ಕೊಗೆ ನಡೆದರು.

ಈಗ ಎರಡೂ ಊರಿನ ನಡುವೆ ಹಳೆಯ ರೈಲು ದಾರಿಯ ಮೇಲೆ ನಡೆಯುವವರಿಗೆ, ಸೈಕಲ್ಲಿನವರಿಗೆ ಒಂದು ಹಾದಿ ಮಾಡಿದ್ದಾರೆ. ಓದುವಾಗ ಪ್ರತಿ ವಾರ ಅದರಲ್ಲಿ ಸೈಕಲ್ ಹೊಡೆದಿದ್ದೇನೆ. ಮುಂದಿನ ಬೇಸಿಗೆಗೆ ಅಣ್ಣ ಬರುತ್ತಾನೆ. ಅವನನ್ನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ, ನಡೆದುಕೊಂಡು.